ಗಿಟಾರ್ ಮಾಸ್ತರರ ಸಂಜೆ ಹೊತ್ತು: ಧಾರವಾಡದ ಒಂದು ಪ್ರಕರಣ

ಧಾರವಾಡದಲ್ಲಿ ಗಿಟಾರ್ ಕಲಿಸುತ್ತ, ತಾವೇ ಹಾಡು ಕಟ್ಟಿ ಹಾಡುವ ಒಬ್ಬರ ವೃತ್ತಿಜೀವನದ ಕಥೆ ಇದು. ಕಲಾವಿದರ ಲೆಕ್ಕಪತ್ರ, ಕರಾರು ನೋಡಿಕೊಡುವುದು ನನ್ನ ಕೆಲಸ. ಹಾಗಾಗಿ ಅವರ ಖರ್ಚಿನ ವಹಿ, ಕ್ಲಾಸಿನ ಹಾಜರಿ ಪುಸ್ತಕ, ಹಳೆಯ ಕಾಗದಗಳು ಎಲ್ಲ ನನ್ನ ಕಣ್ಣಿಗೆ ಬಿದ್ದಿವೆ. ಬರೆಯಿರಿ ಎಂದರು, ಹೆಸರು ಮಾತ್ರ ಬೇಡ ಎಂದರು. ಮಕ್ಕಳು, ಪಾಲಕರು, ಓಣಿಯವರು ಎಲ್ಲ ಅವರನ್ನು ಮಾಸ್ತರ ಎಂದೇ ಕರೆಯುತ್ತಾರೆ. ಇಲ್ಲಿಯೂ ಹಾಗೇ ಇರಲಿ.

ಅವರ ಸಮಸ್ಯೆ ಈ ಭಾಗದ ಬಹಳಷ್ಟು ಸಂಗೀತಗಾರರಿಗೆ ಗೊತ್ತಿರುವಂಥದ್ದೇ. ಮನೆ ನಡೆಯುವುದು ಪಾಠದಿಂದ. ಮನಸ್ಸಿರುವುದು ಹಾಡಿನಲ್ಲಿ. ಎರಡೂ ಕೇಳುವುದು ಒಂದೇ ಹೊತ್ತನ್ನು. ಮಕ್ಕಳು ಶಾಲೆ ಮುಗಿಸಿ ಬರುವುದು ಸಂಜೆ, ಕಾರ್ಯಕ್ರಮ ಇರುವುದೂ ಸಂಜೆ. ಶನಿವಾರ, ಭಾನುವಾರ ಎರಡಕ್ಕೂ ಬೇಕು. ಕಲಿಸಲು ಕೂತರೆ ಕಲಾವಿದ ಮುಗಿದ ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ಇವರ ಕಾಗದಗಳನ್ನು ನೋಡಿದ ಮೇಲೆ ನನಗೆ ಹಾಗೆ ಅನ್ನಿಸುವುದಿಲ್ಲ. ಇವರ ಹಾಡು ನಿಂತುಹೋಗಿದ್ದಕ್ಕೆ ಕಾರಣ ಎರಡು: ಫೀ ತೆಗೆದುಕೊಳ್ಳುತ್ತಿದ್ದ ರೀತಿ ಮತ್ತು ಕ್ಲಾಸಿನಲ್ಲಿ ಕಲಿಸುತ್ತಿದ್ದ ಸರಕು. ಇವೆರಡೂ ಬದಲಾದಾಗ ಅದೇ ಕ್ಲಾಸಿನಿಂದಲೇ ಹಾಡು ಮತ್ತೆ ಹುಟ್ಟಿತು.

ಕುಂದಗೋಳದಿಂದ ಧಾರವಾಡಕ್ಕೆ

ಮಾಸ್ತರರ ಊರು ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು ಕುಂದಗೋಳ. ಸಂತ ಶಿಶುನಾಳ ಶರೀಫರ ಗುರು ಗೋವಿಂದ ಭಟ್ಟರ ಕಳಸ ಇರುವುದೂ ಅದೇ ತಾಲ್ಲೂಕಿನಲ್ಲಿ. ಶಿಶುನಾಳ ಅಲ್ಲಿಂದ ದೂರವೇನಲ್ಲ, ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕು. ಅಪ್ಪ ಹೊಲದಲ್ಲಿ ಮೆಣಸಿನಕಾಯಿ, ಹತ್ತಿ ಬೆಳೆಯುತ್ತಿದ್ದರು. ರಾತ್ರಿ ಭಜನಾ ಮೇಳದಲ್ಲಿ ದಮ್ಮಡಿ (ಕೈಯಲ್ಲಿ ಹಿಡಿದು ಬಡಿಯುವ ಚರ್ಮವಾದ್ಯ) ಹಿಡಿದು ತತ್ವಪದ ಹಾಡುತ್ತಿದ್ದರು. ಶ್ರಾವಣ ಬಂತೆಂದರೆ ತಿಂಗಳಿಡೀ ಗುಡಿಯಲ್ಲಿ ಭಜನೆ. ಹುಡುಗ ಅಲ್ಲೇ ಕಂಬಕ್ಕೆ ಒರಗಿ ನಿದ್ದೆ ಹೋಗುತ್ತಿದ್ದ. ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಆದರೆ ಹೊಡೆತ ಕಿವಿಯಲ್ಲಿ ಕೂತುಬಿಟ್ಟಿತು.

ಗಿಟಾರ್ ಸಿಕ್ಕಿದ್ದು ಧಾರವಾಡಕ್ಕೆ ಡಿಗ್ರಿಗೆ ಬಂದ ಮೇಲೆ. ಹಾಸ್ಟೆಲಿನ ಹಿರಿಯ ಹುಡುಗನೊಬ್ಬ ಊರಿಗೆ ಹೋಗುವಾಗ ಮಾರಿದ ಹಳೆಯ ಗಿಟಾರ್. ಅದರಲ್ಲೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕಲಿತರು. ಗ್ಯಾದರಿಂಗ್‌ನಲ್ಲಿ ಹಾಡಿದರು, ಚಪ್ಪಾಳೆ ಬಿತ್ತು. ಮುಂದೆ ಗಣೇಶ ಹಬ್ಬದಲ್ಲಿ ಹುಬ್ಬಳ್ಳಿಯ ಓಣಿ ಓಣಿಗಳಲ್ಲಿ ಆರ್ಕೆಸ್ಟ್ರಾ. ಜನ ಚೀಟಿ ಬರೆದು ಕೇಳಿದ ಹಾಡನ್ನು ಬಾರಿಸುವುದು. ಡಿಗ್ರಿ ಮುಗಿದ ಮೇಲೆ ಒಂದು ಖಾಸಗಿ ಶಾಲೆಯಲ್ಲಿ ಸಂಗೀತ ಶಿಕ್ಷಕರ ಕೆಲಸ ಸಿಕ್ಕಿತು, ಜೊತೆಗೆ ಮನೆಯಲ್ಲಿ ಟ್ಯೂಷನ್. 2020ರ ಲಾಕ್‌ಡೌನ್‌ನಲ್ಲಿ ಶಾಲೆಯವರು ಸಂಬಳ ನಿಲ್ಲಿಸಿದರು. ಆಮೇಲೆ ಪೂರ್ತಿ ಮನೆ ಕ್ಲಾಸೇ ಗತಿಯಾಯಿತು.

ಧಾರವಾಡದಲ್ಲಿ ಗಿಟಾರ್ ಹಿಡಿಯುವುದೆಂದರೆ ಏನು ಎಂದು ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಇದು ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರ ಊರು. ಪಕ್ಕದ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್. ಗದಗಿನಲ್ಲಿ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ. ಇಲ್ಲಿ ಸಂಗೀತ ಎಂದರೆ ಹಿಂದೂಸ್ತಾನಿ, ಅದಕ್ಕೊಂದು ಘರಾಣೆ, ಒಬ್ಬ ಗುರು. ಗಿಟಾರ್‌ಗೆ ಅಂಥ ಮನೆತನ ಇಲ್ಲ. ಪಾಲಕರ ಲೆಕ್ಕದಲ್ಲಿ ಅದು ಸುಮ್ನೆ ಹವ್ಯಾಸ, ಹತ್ತನೇ ಇಯತ್ತೆ ಬಂದ ಕೂಡಲೇ ಅಟ್ಟಕ್ಕೆ ಏರುವ ವಸ್ತು. ಮಾಸ್ತರರಿಗೂ ಒಳಗೊಳಗೆ ಇದೇ ಭಾವನೆ ಇತ್ತು. ನಾನು ನಿಜವಾದ ಸಂಗೀತಗಾರ ಹೌದೋ ಅಲ್ಲವೋ ಎನ್ನುವ ಅಳುಕು.

ನನ್ನ ಪ್ರಕಾರ ಈ ಅಳುಕಿಗೆ ಆಧಾರವೇ ಇರಲಿಲ್ಲ. ಇದೇ ಊರಿನ ಸಿತಾರದ ಚರಿತ್ರೆ ನೋಡಿ. ಉಸ್ತಾದ್ ರಹಿಮತ್ ಖಾನ್ ಹೊರಗಿನಿಂದ ಬಂದು ಧಾರವಾಡದಲ್ಲಿ ನೆಲೆಸಿದರು, 1931ರಲ್ಲಿ ಭಾರತೀಯ ಸಂಗೀತ ವಿದ್ಯಾಲಯ ಕಟ್ಟಿದರು. ಅವರ ಮನೆಯವರು ತಲೆತಲಾಂತರದಿಂದ ನುಡಿಸುತ್ತ, ಕಲಿಸುತ್ತ ಬಂದಿದ್ದಾರೆ. ಸಿತಾರದ ತಂತಿಗಳ ಜೋಡಣೆಯನ್ನೇ ಬದಲಿಸಿದವರೆಂದು ರಹಿಮತ್ ಖಾನರನ್ನು ಇಲ್ಲಿ ನೆನೆಯುತ್ತಾರೆ. ಕಲಿಸುವವನೇ ನುಡಿಸುವವ, ನುಡಿಸುವವನೇ ಕಲಿಸುವವ. ಇದನ್ನು ಒಪ್ಪಿಕೊಂಡು ನೂರು ವರ್ಷದ ಹತ್ತಿರವಾಗುತ್ತ ಬಂದ ಊರು ಇದು. ಗಿಟಾರ್ ಮಾಸ್ತರನೊಬ್ಬ ಇದೇ ದಾರಿ ಹಿಡಿದರೆ ಅದರಲ್ಲಿ ಕಡಿಮೆ ಏನಿದೆ?

ಕ್ಲಾಸು ತುಂಬಿತ್ತು, ಹಾಡಿರಲಿಲ್ಲ

ಅವರು ನನ್ನ ಹತ್ತಿರ ಬಂದದ್ದು ಆದಾಯ ತೆರಿಗೆಯ ವಿಷಯಕ್ಕೆ. ವಹಿ ಬಿಚ್ಚಿದರೆ ವಾರದ ಏಳೂ ದಿನ ಕ್ಲಾಸು. ಸಂಜೆ 4ರಿಂದ 9ರವರೆಗೆ, ಶನಿವಾರ, ಭಾನುವಾರ ಬೆಳಿಗ್ಗೆಯಿಂದಲೇ. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಉಳಿಯುತ್ತಿದ್ದುದು ಅಷ್ಟಕ್ಕಷ್ಟೇ.

ಕಾರಣ ಹಾಜರಿ ಪುಸ್ತಕದಲ್ಲೇ ಇತ್ತು. ಫೀ ಕ್ಲಾಸಿನ ಲೆಕ್ಕದಲ್ಲಿ: ಬಂದರೆ 150 ರೂಪಾಯಿ, ಬರದಿದ್ದರೆ ಇಲ್ಲ. ತಿಂಗಳಿಗೆ 8 ಕ್ಲಾಸ್ ಇಟ್ಟ ಹುಡುಗ 5 ಅಥವಾ 6ಕ್ಕೆ ಬರುತ್ತಿದ್ದ. ಮಳೆ ಬಂತು, ಯೂನಿಟ್ ಟೆಸ್ಟ್ ಬಂತು, ಸೋದರಮಾವನ ಮದುವೆ ಬಂತು. ಮಾಸ್ತರ ಆ ಹೊತ್ತು ಕಾಯುತ್ತ ಕೂತಿರುತ್ತಿದ್ದರು. ಕೂತ ಹೊತ್ತಿಗೆ ದುಡ್ಡಿಲ್ಲ. ತೂತು ಮುಚ್ಚಲು ಇನ್ನೊಬ್ಬ ಹುಡುಗನನ್ನು ಸೇರಿಸಿಕೊಳ್ಳುವುದು. ಹೀಗೆ ವಾರವಿಡೀ ತುಂಬಿತು. ಯಾರಾದರೂ ಕಾರ್ಯಕ್ರಮಕ್ಕೆ ಕರೆದರೆ ಒಂದು ಸಂಜೆಯ ನಾಲ್ಕೈದು ಕ್ಲಾಸು ಹೋಗುತ್ತದಲ್ಲ ಎಂಬ ಚಿಂತೆ. ಬರುವುದಿಲ್ಲ ಎಂದು ಹೇಳಿ ಹೇಳಿ ಕರೆಯುವವರೂ ನಿಂತರು.

ಇನ್ನು ಕ್ಲಾಸಿನಲ್ಲಿ ನಡೆಯುತ್ತಿದ್ದುದು. "ಸರ್, ನಮ್ಮ ಹುಡುಗಗ ಗ್ಯಾದರಿಂಗ್‌ಗೆ ಒಂದು ಹಿಂದಿ ಹಾಡು ಲಗೂ ಕಲಿಸ್ರಿ" ಎಂದು ಪಾಲಕರು ಬರುತ್ತಿದ್ದರು. ಮಾಸ್ತರ ಕಲಿಸುತ್ತಿದ್ದರು. ಅವೇ ನಾಲ್ಕು ಕಾರ್ಡ್, ಅದೇ ಮೇಲೆ ಕೆಳಗೆ ಸ್ಟ್ರಮ್ಮಿಂಗ್. ದಿನಕ್ಕೆ ಐದು ತಾಸು ಅದನ್ನೇ ಕೇಳಿದ ಕಿವಿ ರಾತ್ರಿ ಹತ್ತಕ್ಕೆ ಹೊಸ ಹಾಡು ಹುಡುಕುವುದು ಹೇಗೆ? ಒಂದೇ ಬೆರಳಿನಿಂದ ಎಲ್ಲ ತಂತಿ ಒತ್ತುವ ಬಾರ್ ಕಾರ್ಡ್ ಹಿಡಿದು ತೋರಿಸಿ ತೋರಿಸಿ ಎಡಗೈ ಮಣಿಕಟ್ಟು ನೋಯಲು ಶುರುವಾಗಿತ್ತು. ಎರಡು ವರ್ಷ ಒಂದು ಹಾಡೂ ಪೂರ್ತಿಯಾಗಿರಲಿಲ್ಲ. ಇದನ್ನು ಹೇಳುವಾಗ ಅವರು ತಲೆ ತಗ್ಗಿಸಿದ್ದು ನೋಡಿ ನನಗೆ ಬಹಳ ಸಂಕಟವಾಯಿತು. ಅಷ್ಟು ದುಡಿಯುವ ಮನುಷ್ಯ ನಾಚಿಕೊಳ್ಳುವಂಥದ್ದು ಏನೂ ಅಲ್ಲಿರಲಿಲ್ಲ.

ಅಜ್ಜಿಯ ಗಾಂಧಾರ

ಬದಲಾವಣೆ ಬಂದದ್ದು ಒಬ್ಬ ವಿದ್ಯಾರ್ಥಿನಿಯಿಂದ. ಒಂಬತ್ತನೇ ಇಯತ್ತೆಯ ಹುಡುಗಿ, ಹೆಬ್ಬಳ್ಳಿ ಕಡೆಯವಳು. ಅವಳ ಅಜ್ಜಿ ಬೀಸುವ ಪದ ಹಾಡುತ್ತಿದ್ದಳು. ಹುಡುಗಿ ಅದನ್ನು ಮೊಬೈಲಿನಲ್ಲಿ ತುಂಬಿಕೊಂಡು ಬಂದು, "ಸರ್, ಇದಕ್ಕ ಕಾರ್ಡ್ ಹಾಕಿ ಕೊಡ್ರಿ" ಎಂದಳು.

ಮಾಸ್ತರ ಕೂತರು. ಮೇಜರ್ ಹಾಕಿದರೆ ಹಾಡು ಸಿನಿಮಾದಂತಾಗುತ್ತದೆ. ಮೈನರ್ ಹಾಕಿದರೆ ಅಳುವ ಹಾಡಾಗುತ್ತದೆ. ಅಜ್ಜಿಯದು ಎರಡೂ ಆಗಿರಲಿಲ್ಲ. ಅವಳ ದನಿ ನಾಲ್ಕೈದು ಸ್ವರದೊಳಗೇ ಓಡಾಡುತ್ತಿತ್ತು, ಗಾಂಧಾರ, ಅಂದರೆ ಮೂರನೇ ಸ್ವರ ‘ಗ’, ಮಾತ್ರ ತಗ್ಗಿನ ಕೋಮಲಕ್ಕೂ ಏರಿನ ಶುದ್ಧಕ್ಕೂ ನಡುವೆ ಎಲ್ಲೋ ನಿಲ್ಲುತ್ತಿತ್ತು, ಒಂದೊಂದು ಸಾಲಿಗೆ ಒಂದೊಂದು ಕಡೆ. ಗಿಟಾರಿನ ತೊಂದರೆ ಇರುವುದೇ ಇಲ್ಲಿ. ಮೇಜರ್ ಕಾರ್ಡ್ ಎಂದರೆ ಅದರಲ್ಲಿ ಶುದ್ಧ ಗಾಂಧಾರ ಕೂತಿರುತ್ತದೆ, ಮೈನರ್ ಎಂದರೆ ಕೋಮಲ ಗಾಂಧಾರ. ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡ ಪಟ್ಟಿ) ಮೇಲೆ ಬೆರಳಿಟ್ಟ ಮೇಲೆ ಅದು ಅಲುಗುವುದಿಲ್ಲ. ಹಾಡುವವರ ಗಾಂಧಾರವನ್ನು ಗಿಟಾರ್ ಹಿಡಿದು ತನ್ನ ಕಡೆ ಎಳೆಯುತ್ತದೆ.

ಅವರು ತಂತಿಯ ಶ್ರುತಿ ಇಳಿಸಿದರು. ಮಾಮೂಲಿ ಶ್ರುತಿ ಇ ಎ ಡಿ ಜಿ ಬಿ ಇ. ಅದರಲ್ಲಿ ಆರನೇ ತಂತಿ ಇ ಇಂದ ಡಿ, ಎರಡನೆಯದು ಬಿ ಇಂದ ಎ, ಮೊದಲನೆಯದು ಇ ಇಂದ ಡಿ. ಆಗ ಸಿಕ್ಕಿದ್ದು ಡಿ ಎ ಡಿ ಜಿ ಎ ಡಿ. ಗಿಟಾರ್ ಬಲ್ಲವರು ಇದನ್ನು ಡ್ಯಾಡ್‌ಗ್ಯಾಡ್ ಎನ್ನುತ್ತಾರೆ. 1960ರ ದಶಕದಲ್ಲಿ ಇಂಗ್ಲೆಂಡಿನ ಜಾನಪದ ಗಿಟಾರ್ ವಾದಕ ಡೇವಿ ಗ್ರಹಾಂ ಇದನ್ನು ಬಳಕೆಗೆ ತಂದರು, ಮೊರಾಕ್ಕೋದ ಊದ್ ಎಂಬ ತಂತಿವಾದ್ಯದವರ ಜೊತೆ ನುಡಿಸಲು. ನಮ್ಮ ಲೆಕ್ಕದಲ್ಲಿ ಓದಿದರೆ ಅದು ಸಾ ಪಾ ಸಾ ಮಾ ಪಾ ಸಾ. ಗಾಂಧಾರವೇ ಇಲ್ಲ! ಖಾಲಿ ತಂತಿ ಬಾರಿಸಿದರೆ ತಂಬೂರಿಯ ಹಾಗೆ ಷಡ್ಜ ಪಂಚಮ ತುಂಬಿಕೊಳ್ಳುತ್ತದೆ. ಅಜ್ಜಿ ತನ್ನ ಗಾಂಧಾರವನ್ನು ಎಲ್ಲಿ ಬೇಕಾದರೂ ಇಡಬಹುದು. ಅಜ್ಜಿಯ ಷಡ್ಜ ಹಾರ್ಮೋನಿಯಂನ ಕಪ್ಪು 3ರ (ಮೂರನೇ ಕಪ್ಪು ಮನೆಯ) ಹತ್ತಿರ ಇತ್ತು. ಗಿಟಾರಿನ ನಾಲ್ಕನೇ ಮನೆಗೆ ಕೇಪೋ (ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಶ್ರುತಿ ಏರಿಸುವ ಕ್ಲಿಪ್) ಹಾಕಿದರು, ಶ್ರುತಿ ಕೂತಿತು.

ಇದಕ್ಕೊಂದು ಸಣ್ಣ ಹೊಂದಾಣಿಕೆ ಬೇಕಾಯಿತು. ತಂತಿ ಇಳಿಸಿದರೆ ಬಿಗಿ ಹೋಗಿ ಫ್ರೆಟ್‌ಗೆ ಬಡಿದು ಜುಂಯ್ ಎನ್ನುತ್ತದೆ. 11ರ ಸೆಟ್ ತೆಗೆದು ಸ್ವಲ್ಪ ದಪ್ಪನೆಯ 12ರ ಸೆಟ್ ಹಾಕಿದರು. ಬಲಗೈ ಪೂರ್ತಿ ಬದಲಾಯಿತು. ಸ್ಟ್ರಮ್ಮಿಂಗ್ ಹೋಯಿತು. ಹೆಬ್ಬೆರಳು ಆರನೇ ಮತ್ತು ನಾಲ್ಕನೇ ತಂತಿಯ ಮೇಲೆ ಏಕತಾರಿಯ ಕೆಲಸ ಮಾಡುತ್ತದೆ. ಭಜನೆಯ ತಾಳವಾದ ಭಜನಿ ಠೇಕಾದ ಎಂಟು ಮಾತ್ರೆಯಲ್ಲಿ ದಮ್ಮಡಿಯ ಏಟು ಬೀಳುವ ಕಡೆ ಅಂಗೈಯ ಅಂಚಿನಿಂದ ತಂತಿಯನ್ನು ತಟ್ಟಿ ನಿಲ್ಲಿಸುತ್ತಾರೆ. ಗುಡಿಯ ಕಂಬಕ್ಕೆ ಒರಗಿ ಕೇಳಿದ ಹೊಡೆತ ಕೈಗೆ ಬಂದದ್ದು ಆಗ.

ಪದದ ಕಟ್ಟೂ ಅವರಿಗೆ ದಾರಿ ತೋರಿಸಿತು. ಬೀಸುವ ಪದ ತ್ರಿಪದಿ. ಮೂರು ಸಾಲು, 11 ಗಣ (ಲಯದ ತುಂಡು), ಆರು ಮತ್ತು ಹತ್ತನೆಯದು ಗಿಡ್ಡ. ಹಾಡುವಾಗ ಎರಡನೇ ಸಾಲನ್ನು ಮತ್ತೆ ಎತ್ತಿಕೊಂಡು ಮೂರನೆಯದಕ್ಕೆ ಇಳಿಯುತ್ತಾರೆ. ಸಿನಿಮಾ ಹಾಡಿನ ಪಲ್ಲವಿ, ಚರಣದ ಅಚ್ಚಿನಲ್ಲಿ ಒದ್ದಾಡುತ್ತಿದ್ದ ಮಾಸ್ತರರಿಗೆ ಮೂರು ಸಾಲು ಸಾಕು ಎನ್ನುವುದೇ ದೊಡ್ಡ ಬಿಡುಗಡೆ. ಆ ವಾರ ಬರೆದದ್ದರಲ್ಲಿ ಒಂದು ನುಡಿ, ಅವರ ಒಪ್ಪಿಗೆ ಪಡೆದು ಕೊಡುತ್ತಿದ್ದೇನೆ:

ಬ್ಯಾಡಗಿ ಸಂತ್ಯಾಗ ಬಣ್ಣಕ್ಕ ಬೆಲಿ ಐತಿ
ಬಾಡಿಗಿ ಕೊಟ್ಟು ಹೇರಿದ ನನ್ನಪ್ಪಗ
ಕೂಡಿದ್ದು ಕೈಯ ಉರಿ ಒಂದ

ಮೆಣಸಿನಕಾಯಿ ಬೆಳೆದ ಮನೆಯವನಿಗಷ್ಟೇ ಬರುವ ಸಾಲು ಇದು. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಬಣ್ಣದಿಂದ, ಖಾರದಿಂದಲ್ಲ. ಕಾಯಿ ಬಿಡಿಸಿದ ಕೈಗೆ ಮಾತ್ರ ಅದರ ಉರಿ ಗೊತ್ತು.

ಕ್ಲಾಸಿನ ಹೊಸ ಕಟ್ಟಳೆ

ಹಾಡು ಬಂತು. ಅದನ್ನು ಉಳಿಸಿಕೊಳ್ಳಲು ಹೊತ್ತು ಬೇಕಲ್ವಾ? ಇಲ್ಲಿ ನಾನೂ ಕೈ ಹಾಕಿದೆ. ಕ್ಲಾಸಿನ ಲೆಕ್ಕ ಬಿಟ್ಟು ತಿಂಗಳ ಫೀ, ಮುಂಗಡ, 1,600 ರೂಪಾಯಿ. ತಪ್ಪಿಸಿದ ಕ್ಲಾಸಿಗೆ ದುಡ್ಡು ವಾಪಸ್ ಇಲ್ಲ, ಬೇರೆ ಗುಂಪಿನ ಜೊತೆ ಕೂರಬಹುದು. ಒಬ್ಬೊಬ್ಬರಿಗೆ ಬೇರೆ ಬೇರೆ ಪಾಠದ ಬದಲು ನಾಲ್ಕು ಜನರ ಗುಂಪು. ಸೋಮವಾರದಿಂದ ಶುಕ್ರವಾರ ಸಂಜೆ, ಶನಿವಾರ ಮಧ್ಯಾಹ್ನದವರೆಗೆ. ಶನಿವಾರ ಸಂಜೆ ಮತ್ತು ಭಾನುವಾರ ಅವರದು.

ವರ್ಷದ ಲೆಕ್ಕವನ್ನೂ ಮಾಡಿದೆವು, ನನಗೆ ಅದೇ ಜಾಸ್ತಿ ಮುಖ್ಯ ಎನ್ನಿಸುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಎಂದು ಕ್ಲಾಸು ಖಾಲಿಯಾಗುತ್ತದೆ. ಮಾಸ್ತರ ಪ್ರತಿ ವರ್ಷ ಅದನ್ನು ಬರಗಾಲ ಎನ್ನುತ್ತಿದ್ದರು. ಆದರೆ ಈ ಸೀಮೆಯಲ್ಲಿ ಜಾತ್ರೆಗಳ ಸುಗ್ಗಿಯೂ ಅದೇ ಹೊತ್ತಿಗೆ. ಭಾರತ ಹುಣ್ಣಿಮೆಗೆ ಉಳವಿಗೆ ಚಕ್ಕಡಿ ಹೊರಡುತ್ತವೆ. ಶಿವರಾತ್ರಿಯ ಮಾರನೇ ದಿನ ಹುಬ್ಬಳ್ಳಿಯಲ್ಲಿ ಸಿದ್ಧಾರೂಢರ ತೇರು. ಊರೂರಿನಲ್ಲಿ ಭಜನೆ, ನಾಟಕ, ಹಾಡಿಕೆ. ಕ್ಲಾಸು ಖಾಲಿಯಾಗುವ ತಿಂಗಳಿಗೆ ಹಾಡಿಕೆ ಇಡುವುದು, ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳ ಬೇಸಿಗೆ ಶಿಬಿರ, ಜೂನ್‌ನಿಂದ ಹೊಸ ತಂಡ, ಶ್ರಾವಣದಲ್ಲಿ ಊರಿನ ಭಜನೆಗೆ ರಜೆ. ಕ್ಯಾಲೆಂಡರ್ ಮೊದಲಿನಿಂದಲೂ ಹೀಗೇ ಇತ್ತು, ಅದನ್ನು ನೋಡಲು ಬಿಡುವು ಇರಲಿಲ್ಲ ಅಷ್ಟೇ.

ಪಾಠದ ಸರಕೂ ಬದಲಾಯಿತು. ಮೊದಲ ಮೂರು ತಿಂಗಳು ಷಡ್ಜ, ಪಂಚಮ, ಹೆಬ್ಬೆರಳು, ಬಾಯಿ. ನುಡಿಸುತ್ತ ಹಾಡಲೇಬೇಕು. ಆಮೇಲೆ ಪ್ರತಿ ಮಗುವೂ ಮನೆಯಿಂದ ಒಂದು ಹಾಡು ತರಬೇಕು. ಸೋಬಾನೆ, ಜೋಗುಳ, ತತ್ವಪದ, ಯಾವುದಾದರೂ ಸರಿ, ಮನೆಯಲ್ಲಿ ಯಾರೋ ಒಬ್ಬರು ಹಾಡುತ್ತಿರಬೇಕು. ಸಿನಿಮಾ ಹಾಡು ಬಿಟ್ಟಿಲ್ಲ, ತಿಂಗಳಿಗೊಂದು ಇದ್ದೇ ಇದೆ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆ ಬೇಕೆನ್ನುವವರಿಗೆ ಅದನ್ನೂ ಮಾಡಿಸುತ್ತಾರೆ. ಇದು ಸರಿಯಾದ ತೀರ್ಮಾನ. ಸರ್ಟಿಫಿಕೇಟ್ ಕಂಡರೆ ಪಾಲಕರಿಗೆ ಧೈರ್ಯ, ಆ ಧೈರ್ಯದ ಮೇಲೆ ಮಗು ಹತ್ತನೇ ಇಯತ್ತೆಯ ನಂತರವೂ ಉಳಿಯುತ್ತದೆ.

ಎಲ್ಲರೂ ಒಪ್ಪಲಿಲ್ಲ. "ಅಜ್ಜಿ ಹಾಡು ಕಲ್ಯಾಕ ಗಿಟಾರ್ ಯಾಕ್ರಿ ಸರ್?" ಎಂದು ಕೇಳಿ ಮಗನನ್ನು ಬಿಡಿಸಿಕೊಂಡು ಹೋದವರಿದ್ದಾರೆ. ಮುಂಗಡ ಎಂದ ಕೂಡಲೇ ಫೋನ್ ಎತ್ತದವರೂ ಇದ್ದಾರೆ. ಮೊದಲ ಕೆಲವು ತಿಂಗಳು ಆದಾಯ ಇಳಿಯಿತು, ಮನೆ ಬಾಡಿಗೆಗೆ ತಮ್ಮನ ಹತ್ತಿರ ಕೈಗಡ ತಂದರು. ನಂತರ ನಿಧಾನವಾಗಿ ಗುಂಪುಗಳು ತುಂಬಿದವು. ಕಡಿಮೆ ತಾಸಿನಲ್ಲಿ ಮೊದಲಿನಷ್ಟೇ, ಕೆಲವು ತಿಂಗಳು ಅದಕ್ಕಿಂತ ಜಾಸ್ತಿ ಬರತೊಡಗಿತು.

ಹಳೆಯ ಕಾಗದ

ವಹಿಯ ನಡುವೆ ಒಂದು ಛಾಪಾ ಕಾಗದ ಸಿಕ್ಕಿತು. ಹಿಂದೆ, 2012ರ ಸುಮಾರಿಗೆ, ಒಬ್ಬ ಸ್ಟುಡಿಯೋದವರು ಇವರ ಎಂಟು ಹಾಡು ತುಂಬಿಕೊಂಡು 5,000 ರೂಪಾಯಿ ಕೊಟ್ಟು ಸಹಿ ಹಾಕಿಸಿಕೊಂಡಿದ್ದರು. "ಎಲ್ಲ ಹಕ್ಕುಗಳನ್ನು ಬಿಟ್ಟುಕೊಟ್ಟಿದ್ದೇನೆ" ಎಂಬ ಸಾಲು. ಆ ಹಾಡುಗಳು ಹೋದವು ಎಂದೇ ಮಾಸ್ತರ ನಂಬಿದ್ದರು, ವೇದಿಕೆಯ ಮೇಲೆ ಹಾಡಲೂ ಹೆದರುತ್ತಿದ್ದರು.

ಕಾಗದದಲ್ಲಿ ಎಷ್ಟು ವರ್ಷಕ್ಕೆ ಎಂದು ಬರೆದಿರಲಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಮು ಇದಕ್ಕೆಂದೇ ಇದೆ. ಅವಧಿ ಹೇಳದಿದ್ದರೆ ಅದು 5 ವರ್ಷ ಎಂದೇ ಲೆಕ್ಕ. ಯಾವ ಪ್ರದೇಶಕ್ಕೆ ಎಂದು ಹೇಳದಿದ್ದರೆ ಭಾರತಕ್ಕೆ ಮಾತ್ರ. ತುಂಬಿಕೊಂಡ ಧ್ವನಿಮುದ್ರಣ ಸ್ಟುಡಿಯೋದವರದು, ಸರಿ. ಆದರೆ ಸಾಹಿತ್ಯ ಮತ್ತು ಧಾಟಿ ಬೇರೆ ಬೇರೆ ಕೃತಿಗಳು, ಅವು ಐದು ವರ್ಷಕ್ಕೇ ಮಾಸ್ತರರಿಗೆ ವಾಪಸ್ ಬಂದಿದ್ದವು. ಇದನ್ನು ಓದಿ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ನಂತರ ಎಂಟರಲ್ಲಿ ಮೂರನ್ನು ಹೊಸ ಶ್ರುತಿಯಲ್ಲಿ ಮತ್ತೆ ಹಾಡಿ ತುಂಬಿದರು. ಸಾಹಿತ್ಯ ಬರೆದವರು ಮತ್ತು ಧಾಟಿ ಕಟ್ಟಿದವರು ಎಂದು, ಇಂಥವರ ರಾಯಧನ ವಸೂಲಿ ಮಾಡಿಕೊಡುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ಸದಸ್ಯತ್ವವನ್ನೂ ಮಾಡಿಸಿದೆವು. ದೊಡ್ಡ ದುಡ್ಡೇನೂ ಬರುತ್ತಿಲ್ಲ. ಹೆಸರು ದಾಖಲಾಯಿತು, ಅದೂ ಬೇಕು.

ಬೇರೆಯವರ ಪದ ಹಾಡುವವರಿಗೂ ಈ ಲೆಕ್ಕ ತಿಳಿದಿರಬೇಕು. ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದ ಎಲ್ಲರದು. ಆದರೆ ಆಮೇಲೆ ಯಾರೋ ಹೊಸದಾಗಿ ಕೂರಿಸಿದ ಧಾಟಿ ಎಲ್ಲರದಲ್ಲ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ ಅನುಮತಿ ಕೇಳಬೇಕು. ಇನ್ನು ಅಜ್ಜಿಯ ಬೀಸುವ ಪದಕ್ಕೆ ಬರೆದವರು ಯಾರೆಂದು ಇಲ್ಲ, ಆದರೆ ಅಜ್ಜಿ ಹಾಡಿದ್ದು ಅಜ್ಜಿಯದೇ. ಹಾಡಿದವರಿಗೂ ಕಾಯ್ದೆಯಲ್ಲಿ 50 ವರ್ಷದ ಹಕ್ಕಿದೆ. ಮಾಸ್ತರ ಆ ದನಿಯನ್ನು ತಮ್ಮ ಹಾಡಿನ ಮೊದಲಿಗೆ ಸೇರಿಸಬೇಕೆಂದಾಗ ನಾವು ಮನೆಗೇ ಹೋಗಿ ಕೇಳಿದೆವು. ಕನ್ನಡದಲ್ಲಿ ಒಂದು ಪುಟದ ಕರಾರು, ಓದಿ ಹೇಳಿ, ಹೆಬ್ಬೆಟ್ಟು. ಹಾಡಿನಿಂದ ಬಂದದ್ದರಲ್ಲಿ ಅರ್ಧ ಅಜ್ಜಿಗೆ. "ಯಪ್ಪಾ, ಬೀಸೂದಕ್ಕ ಯಾರರ ರೊಕ್ಕಾ ಕೊಡ್ತಾರೇನೋ?" ಎಂದು ಅಜ್ಜಿ ಕೇಳಿದಳು. ಕೊಡಬೇಕು. ಗಿರಣಿ ಬಂದ ಮೇಲೂ ಆ ಪದವನ್ನು ಬಾಯಲ್ಲಿ ಇಟ್ಟುಕೊಂಡವಳು ಅವಳು.

ಇನ್ನೂ ಬಗೆಹರಿಯದ್ದು

ಮಾಸ್ತರರ ಗಳಿಕೆಯಲ್ಲಿ ಬಹುಪಾಲು ಇವತ್ತಿಗೂ ಪಾಠದ್ದೇ. ಇದನ್ನು ಸೋಲು ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಪಾಠ ಬಿಟ್ಟು ಪೂರ್ತಿ ಹಾಡಿಗೇ ಬನ್ನಿ ಎಂದು ಪುಸಲಾಯಿಸುವ ಅಭಿಮಾನಿಗಳು ಅವರ ಮನೆ ಬಾಡಿಗೆ ಕಟ್ಟುವವರಲ್ಲ.

ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಹೊಂದುವುದಿಲ್ಲ. ಜಾತ್ರೆ ಕಮಿಟಿಗಳಿಂದ ಅವರು ದುಡ್ಡು ಕೇಳುವುದಿಲ್ಲ. "ಜಾತ್ರ್ಯಾಗ ರೊಕ್ಕಾ ಕೇಳೂದು ಹ್ಯಾಂಗ್ರಿ? ನಮ್ಮಪ್ಪ ಎಂದೂ ಕೇಳಿಲ್ಲ" ಎನ್ನುತ್ತಾರೆ. ಶಾಲು, ಹಾರ, ತೆಂಗಿನಕಾಯಿ ತೆಗೆದುಕೊಂಡು ರಾತ್ರಿ ಎರಡಕ್ಕೆ ಮನೆಗೆ ಬರುತ್ತಾರೆ. ಅಪ್ಪ ತಮ್ಮೂರಿನ ಗುಡಿಯಲ್ಲಿ ಹಾಡುತ್ತಿದ್ದರು, ಮನೆಗೆ ನಡೆದುಕೊಂಡು ಬರುತ್ತಿದ್ದರು. ಇವರು ಗಾಡಿ ಬಾಡಿಗೆ ಕೊಟ್ಟು ಗದಗ, ಹಾವೇರಿಯವರೆಗೆ ಹೋಗುತ್ತಾರೆ, ಜೊತೆಗೆ ದಮ್ಮಡಿಯ ಹುಡುಗನೊಬ್ಬ. ಪೆಂಡಾಲಿಗೆ, ಮೈಕಿಗೆ, ಪಟಾಕಿಗೆ ದುಡ್ಡು ಕೊಡುವ ಕಮಿಟಿ ಹಾಡುವವನ ಡೀಸೆಲ್‌ಗೆ ಕೊಡಬಾರದೇಕೆ? ಭಕ್ತಿ ಬೇರೆ, ಖರ್ಚು ಬೇರೆ. ಈ ಸಲ ಒಂದು ಮಾತಿಗೆ ಒಪ್ಪಿಸಿದ್ದೇನೆ: ಹಾಡಿಗೆ ಕೇಳದಿದ್ದರೂ ಗಾಡಿ ಬಾಡಿಗೆ ಮತ್ತು ದಮ್ಮಡಿಯವನ ಪಗಾರ ಮೊದಲೇ ತೆಗೆದುಕೊಳ್ಳಬೇಕು. ಫೋನಿನಲ್ಲಿ ಕೇಳಲು ಅವರಿಗೆ ಸಂಕೋಚ, ಹಾಗಾಗಿ ಕಮಿಟಿಯವರ ಜೊತೆ ಮಾತಾಡುವ ಕೆಲಸ ಸದ್ಯ ನನ್ನದು.

ಒಂಬತ್ತನೇ ಇಯತ್ತೆಯಲ್ಲಿದ್ದ ಆ ಹುಡುಗಿ ಈಗ ಡಿಗ್ರಿ ಓದುತ್ತಿದ್ದಾಳೆ. ಶನಿವಾರ ಬೆಳಗಿನ ಸಣ್ಣ ಮಕ್ಕಳ ಗುಂಪು ಅವಳದು, ತಿಂಗಳ ಪಗಾರದ ಮೇಲೆ. ಅವಳು ಹೊಸದಾಗಿ ಸೇರಿಸಿಕೊಂಡ ಮಕ್ಕಳ ಫೀಯಲ್ಲಿ ಪಾಲು ಕೊಡಬೇಕೋ ಬರೀ ಪಗಾರ ಸಾಕೋ ಎನ್ನುವುದು ಜೂನ್ ಒಳಗೆ ತೀರ್ಮಾನವಾಗಬೇಕು. ನಾನು ಪಾಲು ಕೊಡಿ ಎಂದಿದ್ದೇನೆ.